ಬಿದ್ದ ಬೆಳಕಿನ ಲೆಕ್ಕ

ಲೈಟ್ ಮೀಟರ್ ಅನ್ನೋ ಸಾಧನದ ಪಾಲಿಗೆ ಜಗತ್ತಿನಲ್ಲಿ ಇರೋದು ಒಂದೇ ಬಣ್ಣ, ಬೂದು. ಒಗೆದು ಒಣಹಾಕಿದ ಬಿಳಿ ಪಂಚೆಗೆ ಹಿಡಿಯಿರಿ, ಇದು ಬೂದು ಅನ್ನುತ್ತೆ. ಇದ್ದಿಲ ಮೂಟೆಗೆ ಹಿಡಿಯಿರಿ, ಇದೂ ಬೂದು ಅನ್ನುತ್ತೆ. ಅದರ ಮಾತು ಕೇಳಿ ಫೋಟೋ ತೆಗೆದರೆ ಪಂಚೆ ಕೊಳೆಯಾದ ಹಾಗೆ ಬರುತ್ತೆ, ಇದ್ದಿಲು ಬೂದಿ ಬಳಿದ ಹಾಗೆ ಬರುತ್ತೆ. ಮೀಟರ್ ಕೆಟ್ಟಿದೆ ಅಂತಲ್ಲ. ಎದುರಿಗಿರೋ ವಸ್ತುವಿನಿಂದ ವಾಪಸ್ ಬರುವ ಬೆಳಕನ್ನಷ್ಟೇ ಅದು ಅಳೆಯಬಲ್ಲದು. ಕಡಿಮೆ ಬೆಳಕು ವಾಪಸ್ ಬಂತು ಅನ್ನಿ, ಅಲ್ಲಿ ಬಿದ್ದ ಬೆಳಕೇ ಕಡಿಮೆಯೋ ಅಥವಾ ಆ ವಸ್ತುವೇ ಕಪ್ಪೋ ಅಂತ ಅದಕ್ಕೆ ಗೊತ್ತಾಗೋ ದಾರಿ ಇಲ್ಲ. ಹಾಗಾಗಿ ಕಾರ್ಖಾನೆಯಲ್ಲೇ ಅದಕ್ಕೊಂದು ಸರಾಸರಿ ಹೇಳಿಕೊಟ್ಟು ಕಳಿಸಿರ್ತಾರೆ. ಫೋಟೋಗ್ರಾಫರುಗಳು ಇಟ್ಟುಕೊಳ್ಳೋ ಗ್ರೇ ಕಾರ್ಡ್ ತನ್ನ ಮೇಲೆ ಬಿದ್ದ ಬೆಳಕಿನಲ್ಲಿ ಶೇಕಡಾ 18ರಷ್ಟನ್ನ ವಾಪಸ್ ಕಳಿಸುತ್ತೆ. ಮೀಟರಿನ ಸರಾಸರಿ ಅದರ ಆಸುಪಾಸು.

ಇದನ್ನೆಲ್ಲ ನಾನು ತಲೆಗೆ ಹಚ್ಚಿಕೊಂಡಿದ್ದು ಫೋಟೋಗ್ರಫಿಯ ಹುಚ್ಚಿನಿಂದ ಅಲ್ಲ. ಔಟರ್ ರಿಂಗ್ ರೋಡಿನ ಒಂದು ಕಂಪನಿಯಲ್ಲಿ ಸಾಫ್ಟ್‌ವೇರ್ ಟೆಸ್ಟಿಂಗ್ ಮಾಡೋಳು ನಾನು, ಶಟರು ಅಪರ್ಚರು ನನ್ನ ಹೊಟ್ಟೆಪಾಡಲ್ಲ. ಕಾರಣ ನಮ್ಮನೆಯ ಬಣ್ಣ. ಅಜ್ಜಿ, ಅಮ್ಮ, ನಾನು, ಮೂರು ತಲೆಮಾರಿಗೂ ಒಂದೇ ಬಣ್ಣ. ತಿಪಟೂರು ಕಡೆ ಇದಕ್ಕೊಂದು ಸಭ್ಯವಾದ ವಾಕ್ಯ ಇದೆ: ‘ಕಪ್ಪಗಿದ್ರೂ ಲಕ್ಷಣವಾಗಿದಾಳೆ.’ ಹೇಳೋರು ಹೊಗಳಿಕೆ ಅಂದುಕೊಂಡೇ ಹೇಳ್ತಾರೆ. ಆ ‘ಇದ್ರೂ’ ಅನ್ನೋ ಎರಡಕ್ಷರ ಎಲ್ಲಿ ಚುಚ್ಚುತ್ತೆ ಅಂತ ಅದನ್ನ ಕೇಳಿಸಿಕೊಂಡು ಬೆಳೆದವರಿಗೆ ಗೊತ್ತು.

ಅಜ್ಜಿ ತೀರಿಕೊಂಡಿದ್ದು 2016ರಲ್ಲಿ. ತಿಥಿಗೆ ಒಂದು ಫೋಟೋ ಬೇಕಲ್ಲ, ಮನೆಯೆಲ್ಲ ಹುಡುಕಿದ್ರೆ ಅಜ್ಜಿ ಒಬ್ಬಳೇ ಇರೋ ಒಂದು ಫೋಟೋನೂ ಇಲ್ಲ. ವೋಟರ್ ಐಡಿಯಲ್ಲಿ ಮುಖದ ಜಾಗದಲ್ಲಿ ಒಂದು ಕರಿ ಮಚ್ಚೆ, ಅದರ ಸುತ್ತ ಸೆರಗು. ಕೊನೆಗೆ ಸಿಕ್ಕಿದ್ದು ಚಿಕ್ಕಮ್ಮನ ಮದುವೆಯ ಗುಂಪು ಫೋಟೋ. ಫ್ಲಾಶ್ ಮದುಮಗಳ ಮೇಲೆ ಬಿದ್ದಿದೆ, ಅಜ್ಜಿ ಹಿಂದಿನ ಸಾಲಿನ ತುದಿಯಲ್ಲಿ, ಬೆನ್ನ ಹಿಂದೆ ಸುಣ್ಣ ಹೊಡೆದ ಗೋಡೆ. ಸ್ಟುಡಿಯೋದವರು ಅದನ್ನೇ ದೊಡ್ಡದು ಮಾಡಿ, ಹಿಂದೆ ನೀಲಿ ಆಕಾಶ ಮೋಡ ಹಾಕಿ, ಮುಖವನ್ನ ‘ಕ್ಲಿಯರ್’ ಮಾಡಿಕೊಟ್ರು. ಈಗ ನಡುಮನೆಯ ಗೋಡೆ ಮೇಲೆ ಹಾರ ಹಾಕಿಸಿಕೊಂಡು ಕೂತಿರೋದು ಯಾರೋ ಗೋಧಿ ಬಣ್ಣದ ಹೆಂಗಸು. ಹಣೆ ಸಪಾಟು, ಕಣ್ಣ ಕೆಳಗಿನ ನೆರಿಗೆ ಇಲ್ಲ. ನಾನು ದಿನಾ ದೀಪ ಹಚ್ಚುವಾಗ ನೋಡಿ ಬೆಳೆದ ಮುಖ ಅದಲ್ಲ. ನನ್ನ ಅಕ್ಕನ ಮಗಳಿಗೆ ಈಗ ಏಳು ವರ್ಷ. ಅವಳ ಪಾಲಿಗೆ ಮುತ್ತಜ್ಜಿ ಅಂದ್ರೆ ಆ ಗೋಧಿ ಬಣ್ಣದವಳೇ.

ಅಮ್ಮನದ್ದು ಒಂದು ಫೋಟೋ ಇದೆ, 1986ರದ್ದು, ಹುಡುಗನ ಕಡೆಯವರಿಗೆ ಕಳಿಸೋಕೆ ತೆಗೆಸಿದ್ದು. ಕಪ್ಪುಬಿಳುಪು. ಆಗಿನ್ನೂ ಊಟಿಯ ಹಿಂದೂಸ್ತಾನ್ ಫೋಟೋ ಫಿಲ್ಮ್ಸ್ ‘ಇಂದು’ ಅನ್ನೋ ಹೆಸರಲ್ಲಿ ಕಪ್ಪುಬಿಳುಪು ಫಿಲ್ಮ್ ಮಾಡ್ತಿದ್ದ ಕಾಲ. ಕಂಪ್ಯೂಟರ್ ಇರಲಿಲ್ಲ, ಆದರೆ ಫೇರ್‌ನೆಸ್ ಫಿಲ್ಟರ್ ಇತ್ತು. ಅದರ ಹೆಸರು ಪೆನ್ಸಿಲ್. ನೆಗೆಟಿವ್ ಮೇಲೆ ಸಣ್ಣ ಮೊನೆಯ ಪೆನ್ಸಿಲ್‌ನಿಂದ ನವಿರಾಗಿ ತಿದ್ದಿದರೆ ಅಲ್ಲಿ ಬೆಳಕು ಕಡಿಮೆ ಹಾಯುತ್ತೆ, ಪ್ರಿಂಟಿನಲ್ಲಿ ಆ ಜಾಗ ಬೆಳ್ಳಗಾಗುತ್ತೆ. ಅಮ್ಮನ ಎರಡೂ ಕೆನ್ನೆ, ಮೂಗಿನ ಏಣು, ಗದ್ದ ಎಲ್ಲಾ ಕಡೆ ಪೆನ್ಸಿಲ್ ಓಡಾಡಿದೆ. ಮೊದಲು ನೋಡೋಕೆ ಬಂದವರು ಕಾಫಿ ಕುಡಿದು, ‘ಫೋಟೋದಲ್ಲಿ ಬೇರೆ ಥರ ಇತ್ತಲ್ಲ’ ಅಂದು ಎದ್ದು ಹೋದ್ರಂತೆ. ಅಮ್ಮ ಇದನ್ನ ನಗ್ತಾನೇ ಹೇಳ್ತಾಳೆ. ಆದರೆ ಅವತ್ತಿಂದ ಯಾರಾದರೂ ಕ್ಯಾಮೆರಾ ಎತ್ತಿದರೆ ಅಡುಗೆಮನೆಗೆ ಹೋಗಿಬಿಡ್ತಾಳೆ. ನಮ್ಮ ಆಲ್ಬಮ್ಮುಗಳಲ್ಲಿ ಅಮ್ಮ ಅಂದ್ರೆ ಒಂದು ಬೆನ್ನು, ಒಂದು ಜಡೆ, ಯಾರದೋ ಭುಜದ ಹಿಂದೆ ಅರ್ಧ ಮುಖ.

ಇನ್ನು ನನ್ನದು. ಮ್ಯಾಟ್ರಿಮೊನಿಗೆ ಅಂತ ಒಂದು ಸ್ಟುಡಿಯೋದಲ್ಲಿ ತೆಗೆಸಿದ ಫೋಟೋ ಮನೆಗೆ ಬಂದಾಗ ಅಪ್ಪ ಕನ್ನಡಕ ಹಾಕ್ಕೊಂಡು ನೋಡಿ, ‘ಇದ್ಯಾರಮ್ಮ?’ ಅಂದ್ರು. ತಮಾಷೆಗೇ ಅಂದಿದ್ದು. ನನಗೆ ಮಾತ್ರ ಗೋಡೆ ಮೇಲಿನ ಅಜ್ಜಿ ಕಣ್ಣ ಮುಂದೆ ಬಂದಳು. ಅಮ್ಮನಿಗೂ ಅರವತ್ತು ದಾಟಿದೆ. ಅಮ್ಮ ಹೇಗಿದಾಳೋ ಹಾಗೇ ಇರೋ ಒಂದು ಫೋಟೋ ಬೇಕು ಅಂತ ಅವತ್ತು ಅನ್ನಿಸ್ತು.

ಮೊಬೈಲಲ್ಲೇ ತೆಗೀಬಹುದಲ್ಲ ಅಂತೀರಿ. ತೆಗೀಬಹುದು. ಆದರೆ ಮೊಬೈಲು ಮುಖ ಕಂಡ ಕೂಡಲೇ ಬೆಳಗಿಸೋಕೆ ಶುರು ಮಾಡುತ್ತೆ. ಅದಕ್ಕಿಂತ ಮುಖ್ಯ, ತೆಗೆದ ಮರುಕ್ಷಣ ಅಮ್ಮ ‘ತೋರಿಸು’ ಅಂತಾಳೆ, ನೋಡಿ ‘ಅಳಿಸು’ ಅಂತಾಳೆ. ಅಳಿಸೋಕೆ ಆಗದ, ತಕ್ಷಣ ತೋರಿಸೋಕೂ ಆಗದ ಕ್ಯಾಮೆರಾ ನನಗೆ ಬೇಕಿತ್ತು.

ಹಾಗೆ ಸಿಕ್ಕಿದ್ದು ಜೋರ್ಕಿ-4. ಮಾಸ್ಕೋ ಹತ್ತಿರದ ಕ್ರಾಸ್ನೊಗೊರ್ಸ್ಕ್ ಕಾರ್ಖಾನೆಯ ಸೋವಿಯತ್ ರೇಂಜ್‌ಫೈಂಡರ್. ‘ಜೋರ್ಕಿ’ ಅಂದ್ರೆ ರಷ್ಯನ್ ಭಾಷೆಯಲ್ಲಿ ಚುರುಕು ಕಣ್ಣಿನದು. ಇವುಗಳ ಸೀರಿಯಲ್ ನಂಬರಿನ ಮೊದಲೆರಡು ಅಂಕಿ ತಯಾರಾದ ವರ್ಷ. ನನ್ನದು 66ರಿಂದ ಶುರುವಾಗುತ್ತೆ, ಅಮ್ಮನಿಗಿಂತ ಎರಡು ವರ್ಷ ಚಿಕ್ಕದು. ಇದರ ವಂಶದ ಮೂಲಪುರುಷ ಜರ್ಮನಿಯ ಲೈಕಾ. ವೆಟ್ಜ್ಲರ್ ಊರಿನ ಲೈಟ್ಸ್ ಕಂಪನಿಯಲ್ಲಿ ಆಸ್ಕರ್ ಬರ್ನಾಕ್ ಸಿನಿಮಾ ಫಿಲ್ಮನ್ನೇ ಬಳಸೋ ಪುಟ್ಟ ಕ್ಯಾಮೆರಾ ಮಾಡಿದ. 1925ರಲ್ಲಿ ಅದು ಮಾರುಕಟ್ಟೆಗೆ ಬಂತು. ಸೋವಿಯತ್ ಕಾರ್ಖಾನೆಗಳು ಅದನ್ನ ನೋಡಿ ಮೊದಲು ಫೆಡ್ ಅನ್ನೋದನ್ನ ಮಾಡಿದವು, ಆಮೇಲೆ ಜೋರ್ಕಿ. ಲೈಕಾದ ಬೆಲೆ ಕೇಳಿದರೆ ನಮ್ಮಂಥವರು ಇಎಂಐ ಕಟ್ಟಬೇಕು. ಜೋರ್ಕಿ ಹಾಗಲ್ಲ.

ರೇಂಜ್‌ಫೈಂಡರ್ ಅಂದ್ರೇನು ಅಂತ ಎರಡು ಮಾತು. ಎಸ್‌ಎಲ್‌ಆರ್ ಕ್ಯಾಮೆರಾದಲ್ಲಿ ನೀವು ಲೆನ್ಸಿನ ಮೂಲಕವೇ ನೋಡ್ತೀರಿ, ಒಳಗಿನ ಕನ್ನಡಿ ಅದನ್ನ ಕಣ್ಣಿಗೆ ಮುಟ್ಟಿಸುತ್ತೆ. ಇದರಲ್ಲಿ ಕನ್ನಡಿ ಇಲ್ಲ. ಪಕ್ಕದ ಒಂದು ಕಿಟಕಿಯಿಂದ ನೋಡ್ತೀರಿ, ಲೆನ್ಸು ತನ್ನ ಪಾಡಿಗೆ ತಾನು ನೋಡುತ್ತೆ. ಕಿಟಕಿಯ ಮಧ್ಯದಲ್ಲಿ ಒಂದು ಮಸುಕು ಚಿತ್ರ ತೇಲ್ತಿರುತ್ತೆ. ಲೆನ್ಸ್ ತಿರುಗಿಸ್ತಾ ಹೋದ ಹಾಗೆ ಅದು ಸರಿದು ಅಸಲು ಚಿತ್ರದ ಮೇಲೆ ಕೂತ್ಕೊಂಡ್ರೆ ಫೋಕಸ್ ಆಯ್ತು. ಕನ್ನಡಿ ಏಳೋ ಸದ್ದಿಲ್ಲ, ಕ್ಲಿಕ್ ಮಾಡೋ ಕ್ಷಣದಲ್ಲಿ ಕಣ್ಣ ಮುಂದೆ ಕತ್ತಲಾಗಲ್ಲ. ಕಣ್ಣು ಮಿಟುಕಿಸಿದ್ರೆ ಆಗಲೇ ಗೊತ್ತಾಗುತ್ತೆ.

ಕಷ್ಟವೂ ಇದೆ. ಕಿಟಕಿ ಮೇಲೆ, ಲೆನ್ಸ್ ಕೆಳಗೆ. ಹತ್ತಿರದಿಂದ ತೆಗೆದರೆ ನೀವು ನೋಡಿದ್ದಕ್ಕೂ ಫಿಲ್ಮಿಗೆ ಬೀಳೋದಕ್ಕೂ ಸ್ವಲ್ಪ ವ್ಯತ್ಯಾಸ. 1954ರ ಲೈಕಾ ಎಂ3ಯಲ್ಲಿ ಫೋಕಸ್ ಮಾಡ್ತಿದ್ದ ಹಾಗೆ ಚೌಕಟ್ಟಿನ ಗೆರೆಗಳೇ ಸರಿದು ಇದನ್ನ ಸರಿಮಾಡ್ತವೆ. ಜೋರ್ಕಿಯಲ್ಲಿ ಗೆರೆಗಳೇ ಇಲ್ಲ. ತಲೆಯ ಮೇಲೆ ನಾಲ್ಕು ಬೆರಳು ಜಾಗ ಬಿಟ್ಟೇ ತೆಗೀಬೇಕು. ಶಟರ್ ವೇಗ ಬದಲಿಸೋ ಮುಂಚೆ ಫಿಲ್ಮ್ ಮುಂದಕ್ಕೆ ತಿರುಗಿಸಿರಬೇಕು, ಇಲ್ಲದಿದ್ರೆ ಒಳಗಿನ ಯಂತ್ರ ಹಾಳಾಗಬಹುದು. ಮತ್ತೆ, ಮೀಟರ್ ಇಲ್ಲ. ಬೆಳಕಿನ ಲೆಕ್ಕ ಪೂರ್ತಿ ನಿಮ್ಮದೇ.

ಮೊದಲು ಲೆನ್ಸಿನ ವಿಷಯ ಮುಗಿಸಿಬಿಡ್ತೀನಿ. ರೇಂಜ್‌ಫೈಂಡರ್ ಇಟ್ಟುಕೊಂಡವರಲ್ಲಿ 35ರ ಪಂಗಡ, 50ರ ಪಂಗಡ ಅಂತ ಎರಡಿದೆ, ಮಸಾಲೆದೋಸೆ ಯಾವ ಹೋಟ್ಲಲ್ಲಿ ಚೆನ್ನಾಗಿರುತ್ತೆ ಅನ್ನೋ ಜಗಳದ ಥರ. 35 ಎಂಎಂ ಲೆನ್ಸಿಗೆ ಹೆಚ್ಚು ಜಾಗ ಕಾಣುತ್ತೆ, ಫೋಕಸ್ಸಿನಲ್ಲಿ ಹೆಚ್ಚು ಕ್ಷಮಾಗುಣ. ಎಫ್ 8ಕ್ಕೆ ಇಟ್ಟು 3 ಮೀಟರಿಗೆ ಫೋಕಸ್ ಮಾಡಿಬಿಟ್ರೆ, ಸುಮಾರು 2 ಮೀಟರಿಂದ 7 ಮೀಟರ್ ತನಕ ಎಲ್ಲವೂ ಸ್ಪಷ್ಟ. ಗಾಂಧಿ ಬಜಾರಿನ ರಸ್ತೆಗೆ ಅದೇ ಸರಿ, ಕಣ್ಣಿಗೆ ಹಿಡಿಯೋ ಮೊದಲೇ ಅರ್ಧ ಕೆಲಸ ಮುಗಿದಿರುತ್ತೆ. 50 ಎಂಎಂನಲ್ಲಿ ಅದೇ ಲೆಕ್ಕಕ್ಕೆ ಸಿಗೋದು ಸುಮಾರು ಎರಡೂಕಾಲರಿಂದ ನಾಲ್ಕು ಮೀಟರ್ ಅಷ್ಟೇ. ಹೆನ್ರಿ ಕಾರ್ಟಿಯೆ-ಬ್ರೆಸಾನ್ ಮಾತ್ರ ಜೀವಮಾನದ ಬಹುಪಾಲು ಕೆಲಸ ಮಾಡಿದ್ದು 50ರಲ್ಲೇ. 1948ರ ಜನವರಿಯಲ್ಲಿ ಗಾಂಧಿಯವರ ಕೊನೆಯ ದಿನಗಳನ್ನೂ ಅಂತಿಮಯಾತ್ರೆಯನ್ನೂ, 1950ರಲ್ಲಿ ತಿರುವಣ್ಣಾಮಲೈಯಲ್ಲಿ ರಮಣ ಮಹರ್ಷಿಗಳನ್ನೂ ಲೈಕಾದಲ್ಲಿ ಹಿಡಿದವನು ಅವನು.

ಮುಖಕ್ಕೆ ಯಾವುದು? ಇಲ್ಲಿ ಒಂದು ತಪ್ಪು ಕಲ್ಪನೆ ಇದೆ. ಮೂಗು ದಪ್ಪ ಕಾಣಿಸೋದು ಲೆನ್ಸಿನಿಂದ ಅಲ್ಲ, ದೂರದಿಂದ. ಅರ್ಧ ಮೀಟರಿಂದ ತೆಗೆದರೆ ಮೂಗು ಕ್ಯಾಮೆರಾಕ್ಕೆ ಕಿವಿಗಿಂತ ಎಷ್ಟೋ ಹತ್ತಿರ, ಹಾಗಾಗಿ ಮೂಗು ದೊಡ್ಡದು, ಕಿವಿ ಚಿಕ್ಕದು. ಸೆಲ್ಫಿಯಲ್ಲಿ ಆಗೋದು ಇದೇ. ಒಂದೂವರೆ ಮೀಟರ್ ಹಿಂದೆ ಹೋದ್ರೆ ಆ ವ್ಯತ್ಯಾಸ ತಗ್ಗಿಬಿಡುತ್ತೆ. ಅಷ್ಟು ದೂರದಿಂದ 35 ಹಾಕಿದ್ರೆ ಅರ್ಧ ಅಡುಗೆಮನೆ ಫೋಟೋದಲ್ಲಿ ಬರುತ್ತೆ, 90 ಹಾಕಿದ್ರೆ ಬರೀ ಮುಖ. 50 ಹಾಕಿದ್ರೆ ಮುಖ, ಭುಜ, ಕೈ, ಕೈಯಲ್ಲಿನ ಕೆಲಸ. ನನಗೆ ಬೇಕಿದ್ದಿದ್ದು ಕೈಯೂ ಸೇರಿದ ಅಮ್ಮ. ಜೋರ್ಕಿಯ ಜೊತೆ ಬಂದ ಜ್ಯೂಪಿಟರ್-8, 50 ಎಂಎಂ ಎಫ್ 2, ಸಾಕಾಯ್ತು. ಒಂದು ಮೀಟರಿಗಿಂತ ಹತ್ತಿರ ಅದು ಫೋಕಸ್ಸೇ ಆಗಲ್ಲ. ನನಗದು ಒಳ್ಳೆಯದೇ ಆಯ್ತು, ಅಮ್ಮನ ಮುಖಕ್ಕೆ ಕ್ಯಾಮೆರಾ ತುರುಕೋಕೆ ಆಗಲ್ಲ.

ಈಗ ಬೆಳಕು. ಮೀಟರ್ ಎರಡು ಥರ. ಒಂದು ನಾನು ಮೊದಲೇ ಹೇಳಿದ್ದು, ವಸ್ತುವಿನಿಂದ ವಾಪಸ್ ಬರೋ ಬೆಳಕನ್ನ ಅಳೆಯೋದು. ಕ್ಯಾಮೆರಾದೊಳಗಿನ ಮೀಟರುಗಳೆಲ್ಲ ಈ ಜಾತಿ. ಇನ್ನೊಂದು ಕೈಯಲ್ಲಿ ಹಿಡಿಯೋದು, ಮೇಲೊಂದು ಬಿಳಿ ಅರ್ಧಗೋಳ ಇರುತ್ತೆ, ಪಿಂಗ್‌ಪಾಂಗ್ ಚೆಂಡನ್ನ ಅರ್ಧಕ್ಕೆ ಕತ್ತರಿಸಿಟ್ಟ ಹಾಗೆ. ಇದನ್ನ ವ್ಯಕ್ತಿಯ ಮುಖದ ಹತ್ತಿರ ಹಿಡಿದು, ಗೋಳವನ್ನ ಕ್ಯಾಮೆರಾದ ಕಡೆ ತಿರುಗಿಸಬೇಕು. ಅದು ಆ ವ್ಯಕ್ತಿಯನ್ನ ನೋಡೋದೇ ಇಲ್ಲ. ಆ ವ್ಯಕ್ತಿಯ ಮೇಲೆ ಎಷ್ಟು ಬೆಳಕು ಬೀಳ್ತಿದೆ ಅನ್ನೋದನ್ನಷ್ಟೇ ಅಳೆಯುತ್ತೆ. ಕರಿಯರೋ ಬಿಳಿಯರೋ ಅದಕ್ಕೆ ಸಂಬಂಧವಿಲ್ಲ. ಅಳತೆ ಸರಿಯಿದ್ರೆ ಕಪ್ಪು ಕಪ್ಪಾಗಿ, ಬಿಳಿ ಬಿಳಿಯಾಗಿ, ಅವರವರ ಜಾಗದಲ್ಲಿ ಅವರವರು.

ಇದನ್ನ ಮೊದಲ ಸಲ ಓದಿದಾಗ ನಾನು ಪುಸ್ತಕ ಮುಚ್ಚಿ ಸ್ವಲ್ಪ ಹೊತ್ತು ಸುಮ್ಮನೆ ಕೂತಿದ್ದೆ. ನಾವು ಎಷ್ಟು ಬೆಳಕು ವಾಪಸ್ ಕೊಡ್ತೀವಿ ಅಂತ ನೋಡದೆ, ನಮ್ಮ ಮೇಲೆ ಎಷ್ಟು ಬಿದ್ದಿದೆ ಅಂತ ನೋಡೋ ಒಂದು ಸಾಧನ! ಸೆಕೋನಿಕ್ ಎಲ್-398, ಸೆಕೆಂಡ್ ಹ್ಯಾಂಡ್, ತಗೊಂಡೆ. ಬ್ಯಾಟರಿಯೇ ಬೇಡ, ಬಿದ್ದ ಬೆಳಕಿನಿಂದಲೇ ಅದರ ಮುಳ್ಳು ಅಲುಗಾಡುತ್ತೆ.

ನಾನು ಟೆಸ್ಟರ್, ಪರೀಕ್ಷೆ ಮಾಡದೆ ನಂಬಲ್ಲ. ನಮ್ಮ ಟೀಮಿನ ಒಬ್ಬನ ಹತ್ತಿರ ಅವನ ದೊಡ್ಡಪ್ಪ ಕೊಟ್ಟ ಲೈಕಾ ಎಂ6 ಇದೆ, 1984ರಲ್ಲಿ ಬಂದ ಮಾದರಿ. ಅದರೊಳಗೆ ಮೀಟರ್ ಇದೆ. ಶಟರ್ ಪರದೆಯ ನಡುವೆ ಒಂದು ಬಿಳಿ ಚುಕ್ಕೆ, ಅದರ ಮೇಲೆ ಬಿದ್ದ ಬೆಳಕನ್ನ ಅಳೆದು ವ್ಯೂಫೈಂಡರಿನಲ್ಲಿ ಎರಡು ಕೆಂಪು ತ್ರಿಕೋನಗಳಲ್ಲಿ ತೋರಿಸುತ್ತೆ. ಚುಕ್ಕೆಯ ಗಾತ್ರ ಅಷ್ಟೇ ಇರೋದ್ರಿಂದ, ಲೆನ್ಸ್ ಬದಲಾದ್ರೆ ಅಳೆಯೋ ಜಾಗವೂ ಬದಲಾಗುತ್ತೆ. 35 ಹಾಕಿದ್ರೆ ಗೋಡೆಯೆಲ್ಲ ಅದರೊಳಗೆ, 90 ಹಾಕಿದ್ರೆ ಒಂದು ಕೆನ್ನೆ. ಲೆನ್ಸಿನ ಆಯ್ಕೆ ಮತ್ತು ಬೆಳಕಿನ ಅಳತೆ ಬೇರೆಬೇರೆ ವಿಷಯ ಅಲ್ಲ ಅಂತ ನನಗೆ ಅರ್ಥ ಆಗಿದ್ದು ಇಲ್ಲೇ.

ಊಟದ ಬಿಡುವಿನಲ್ಲಿ ಆಫೀಸಿನ ಬಿಳಿ ಗೋಡೆ ಮುಂದೆ ನಾನು ನಿಂತೆ, ಅವನು ಅಳೆದ. ಫಿಲ್ಮ್ 400ರದ್ದು. ನನ್ನ ಮುಖದ ಹತ್ತಿರ ಹಿಡಿದ ಸೆಕೋನಿಕ್ 1/60ಕ್ಕೆ ಎಫ್ 2.8 ಅಂತು. ಎರಡು ಮೀಟರ್ ದೂರದಿಂದ 35 ಹಾಕಿದ ಎಂ6, ಎಫ್ 5.6 ಅಂತು. ಎರಡು ಸ್ಟಾಪ್ ವ್ಯತ್ಯಾಸ, ಅಂದ್ರೆ ನನ್ನ ಮುಖಕ್ಕೆ ಸಿಗಬೇಕಾದ ಬೆಳಕಿನಲ್ಲಿ ನಾಲ್ಕನೇ ಒಂದು ಪಾಲು. ಗೋಡೆ ಬೆಳ್ಳಗಿದ್ದ ತಪ್ಪಿಗೆ ನಾನು ಕತ್ತಲಾಗಬೇಕು. ಅಜ್ಜಿಯ ವೋಟರ್ ಐಡಿ ಹೇಗೆ ಹಾಗಾಗಿರಬಹುದು ಅಂತ ಅಂದಾಜಾಯ್ತು. ಆಮೇಲೆ 90 ಹಾಕಿ ಒಂದು ಮೀಟರಿಗೆ ಬಂದು ಬರೀ ಕೆನ್ನೆಯನ್ನ ಅಳೆದ. ಎಂ6 ಹೇಳಿದ್ದು ಎಫ್ 2 ಮತ್ತು 2.8ರ ನಡುವೆ. ಸೆಕೋನಿಕ್ ಜೊತೆ ಅರ್ಧ ಸ್ಟಾಪ್ ಕೂಡ ವ್ಯತ್ಯಾಸ ಇಲ್ಲ.

ಇದರ ಅರ್ಥ ಏನು ಗೊತ್ತಾ? ಮೀಟರ್ ಯಾವುದನ್ನ ಜಗತ್ತಿನ ಸರಾಸರಿ ಅಂದುಕೊಂಡಿದೆಯೋ ಅದು ಹೆಚ್ಚುಕಡಿಮೆ ನನ್ನ ಕೆನ್ನೆ! ಆನ್ಸೆಲ್ ಆಡಮ್ಸ್ 1940ರ ಸುಮಾರಿಗೆ ಫ್ರೆಡ್ ಆರ್ಚರ್ ಜೊತೆ ಸೇರಿ ಕಪ್ಪಿನಿಂದ ಬಿಳಿಯ ತನಕ ಛಾಯೆಗಳನ್ನ ಮೆಟ್ಟಿಲು ಮಾಡಿಟ್ಟ, ಜೋನ್ ಸಿಸ್ಟಮ್ ಅಂತ. ಸೊನ್ನೆಯಿಂದ ಹತ್ತರ ತನಕದ ಆ ಮೆಟ್ಟಿಲುಗಳಲ್ಲಿ ಕಪ್ಪು ಚರ್ಮಕ್ಕೆ ಅವನು ಕೊಟ್ಟ ಜಾಗ ಐದನೆಯದು, ನಟ್ಟನಡುವಿನದು. ಬಿಳಿಯರ ಚರ್ಮ ಆರನೆಯದು. ಮದುವೆ ದಲ್ಲಾಳಿಗಳ ಲೆಕ್ಕದಲ್ಲಿ ಕೊನೆಯಲ್ಲಿರೋ ನಾವು ಬೆಳಕಿನ ಲೆಕ್ಕದಲ್ಲಿ ಮಧ್ಯದಲ್ಲಿದೀವಿ. ಎರಡು ಬಣ್ಣಗಳ ನಡುವೆ ಇಷ್ಟೆಲ್ಲ ರಾದ್ಧಾಂತ ಮಾಡಿಸಿದ್ದು ಒಂದೇ ಒಂದು ಮೆಟ್ಟಿಲು.

ಹಾಗಾದ್ರೆ ಫಿಲ್ಮ್ ನಿಷ್ಪಕ್ಷಪಾತಿ ಅಂತ ಹೇಳಿಬಿಡೋಣವೇ? ಅದೂ ಆಗಲ್ಲ. 1950ರ ದಶಕದಿಂದ ಕೊಡಾಕ್ ಕಂಪನಿ ಪ್ರಿಂಟ್ ಹಾಕೋ ಲ್ಯಾಬುಗಳಿಗೆ ಬಣ್ಣ ಹೊಂದಿಸಿಕೊಳ್ಳೋಕೆ ಅಂತ ಒಂದು ಕಾರ್ಡ್ ಕಳಿಸ್ತಿತ್ತು. ಅದರಲ್ಲಿ ಬಿಳಿ ಬಣ್ಣದ ಒಬ್ಬ ಮಾಡೆಲ್. ಶರ್ಲಿ ಕಾರ್ಡ್ ಅಂತಲೇ ಅದಕ್ಕೆ ಹೆಸರು. ಅವಳ ಚರ್ಮ ಸರಿಯಾಗಿ ಬಂದ್ರೆ ಎಲ್ಲರದ್ದೂ ಸರಿ ಅಂತ ಲೆಕ್ಕ. ಕೆನಡಾದ ಲಾರ್ನಾ ರಾಥ್ ಅನ್ನೋ ವಿದ್ವಾಂಸೆ 2009ರಲ್ಲಿ ಇದರ ಚರಿತ್ರೆ ಬರೆದಿದ್ದಾರೆ. ಕಂದು ಬಣ್ಣಗಳನ್ನ ಫಿಲ್ಮ್ ಇನ್ನೂ ಚೆನ್ನಾಗಿ ಹಿಡೀಬೇಕು ಅನ್ನೋ ಒತ್ತಡ ಬಂದಿದ್ದು ಪೀಠೋಪಕರಣದವರಿಂದ ಮತ್ತು ಚಾಕೊಲೇಟ್ ಕಂಪನಿಗಳಿಂದ ಅಂತೆ. ಮರದ ಬಣ್ಣ, ಚಾಕೊಲೇಟಿನ ಬಣ್ಣ ಜಾಹೀರಾತಿನಲ್ಲಿ ಸರಿಯಾಗಿ ಕಾಣ್ತಿಲ್ಲ ಅಂತ ಅವರ ದೂರು. ಬೇರೆಬೇರೆ ಬಣ್ಣದ ಹೆಂಗಸರಿರೋ ಕಾರ್ಡ್ ಬಂದಿದ್ದು 90ರ ದಶಕದಲ್ಲಿ. ನಮ್ಮ ಮುಖಗಳಿಗಿಂತ ಮುಂಚೆ ಬೀರುವಿಗೆ ನ್ಯಾಯ ಸಿಕ್ತು.

ಕಳೆದ ಯುಗಾದಿಗೆ ಊರಿಗೆ ಹೋದಾಗ ಜೋರ್ಕಿ ಜೊತೆ ಇಲ್ಫೋರ್ಡ್ ಎಚ್‌ಪಿ5 ರೋಲು ಎರಡು ತಗೊಂಡು ಹೋದೆ. ಹಬ್ಬದ ಮಾರನೇ ದಿನ ಬೆಳಿಗ್ಗೆ ಅಮ್ಮನಿಗೆ ವಿಷಯ ಹೇಳಿದೆ.

‘ಏನೇ ಇದು, ನಿಮ್ಮ ತಾತನ ಕಾಲದ್ದು ಹಿಡ್ಕೊಂಡ್ ಬಂದಿದೀಯಾ?’

‘ನಿನ್ನ ಫೋಟೋ ತೆಗೀಬೇಕಮ್ಮ.’

ಅಮ್ಮ ಒಂದು ಕ್ಷಣ ನನ್ನ ಮುಖ ನೋಡಿದಳು. ‘ಹಾರ ಹಾಕೋಕಾ?’

ನಗ್ತಾನೇ ಕೇಳಿದ್ದು. ನಾನು ಏನೂ ಹೇಳಲಿಲ್ಲ. ಹೌದು ಅನ್ನೋಕೆ ಬಾಯಿ ಬರಲ್ಲ, ಅಲ್ಲ ಅಂದ್ರೆ ಸುಳ್ಳಾಗುತ್ತೆ. ಅವಳೇ, ‘ಇರು, ಪೌಡರ್ ಹಾಕ್ಕೊಂಡ್ ಬರ್ತೀನಿ’ ಅಂತ ಒಳಗೆ ಹೋದಳು.

ಬೇಡ ಅನ್ನಬಹುದಿತ್ತು. ಅನ್ನಲಿಲ್ಲ. ಅರವತ್ತು ವರ್ಷ ಎಲ್ಲರೂ ಅವಳ ಮುಖ ಹೇಗಿರಬೇಕು ಅಂತ ಹೇಳಿದಾರೆ, ಆ ಸಾಲಿಗೆ ನಾನೊಬ್ಬಳು ಸೇರೋದು ಬೇಡ. ರೇಷ್ಮೆ ಸೀರೆ ಉಟ್ಟು, ಪೌಡರ್ ಹಾಕ್ಕೊಂಡು, ಜಗಲಿ ಮೇಲೆ ಕೂತಳು. ಹಂಚಿನ ಮಾಡಿನ ನೆರಳು, ಎದುರಿಗೆ ತೆರೆದ ಅಂಗಳ. ಮುಖಕ್ಕೆ ಇದಕ್ಕಿಂತ ಒಳ್ಳೆ ಬೆಳಕು ಯಾವ ಸ್ಟುಡಿಯೋದಲ್ಲೂ ಸಿಗಲ್ಲ. ಬಿಳಿ ಗೋಳವನ್ನ ಅವಳ ಗದ್ದದ ಹತ್ತಿರ ಹಿಡಿದೆ. ‘ಇದೇನು, ಜ್ವರ ನೋಡ್ತಿದೀಯಾ?’ ಅಂದಳು. 1/250ಕ್ಕೆ ಎಫ್ 4. ಗ್ರೇ ಕಾರ್ಡನ್ನ ಅವಳ ಕೈಗೆ ಕೊಟ್ಟು ಒಂದು, ಆಮೇಲೆ ಹತ್ತು. ಎಲ್ಲದರಲ್ಲೂ ಬೆನ್ನು ನೆಟ್ಟಗೆ, ಉಸಿರು ಬಿಗಿ ಹಿಡಿದಿದಾಳೆ, 1986ರಲ್ಲಿ ಯಾರೋ ಹೇಳಿಕೊಟ್ಟ ಹಾಗೆ.

‘ಆಯ್ತಾ? ತೋರಿಸು.’

‘ಕಾಣಲ್ಲಮ್ಮ ಇದರಲ್ಲಿ. ತೊಳೆಸಬೇಕು, ಹದಿನೈದು ದಿನ ಆಗುತ್ತೆ.’

‘ಅಯ್ಯೋ ಶಿವನೇ, ಇದಕ್ಕಾ ಇಷ್ಟು ಹೊತ್ತು!’ ಅಂತ ಎದ್ದು ಹೋಗಿ, ಸೀರೆ ಬದಲಾಯಿಸಿ, ಒಲೆ ಮುಂದೆ ಕೆಲಸಕ್ಕೆ ನಿಂತಳು. ನೋಡೋಕೆ ಆಗಲ್ಲ ಅಂತ ಗೊತ್ತಾದ ಮೇಲೆ ಆ ಕ್ಯಾಮೆರಾ ಅವಳ ಪಾಲಿಗೆ ಇಲ್ಲವೇ ಇಲ್ಲ. ನಾನು ಬಾಗಿಲ ಪಕ್ಕ ಕೂತೆ. ಹಿತ್ತಿಲ ಬಾಗಿಲಾಚೆ ಚೈತ್ರದ ಬಿಸಿಲು, ಒಳಗೆ ಒಂದೇ ಕಿಟಕಿ. ಹೊರಗೂ ಒಳಗೂ ಎಂಟು ಸ್ಟಾಪ್ ವ್ಯತ್ಯಾಸ. ಕ್ಯಾಮೆರಾದೊಳಗಿನ ಮೀಟರ್ ಆಗಿದ್ರೆ ಬಾಗಿಲ ಬೆಳಕಿಗೇ ಬೆರಗಾಗಿ ಅಮ್ಮನನ್ನ ನೆರಳು ಮಾಡಿಬಿಡ್ತಿತ್ತು. ಗೋಳವನ್ನ ಅವಳ ಭುಜದ ಹತ್ತಿರ ಹಿಡಿದೆ. 1/60ಕ್ಕೆ ಎಫ್ 2.8 ತೋರಿಸ್ತು. ನೆಗೆಟಿವ್ ಫಿಲ್ಮಿಗೆ ಬೆಳಕು ಸ್ವಲ್ಪ ಹೆಚ್ಚಾದ್ರೆ ತಡ್ಕೊಳ್ಳುತ್ತೆ, ಕಡಿಮೆಯಾದ್ರೆ ನೆರಳಿನೊಳಗಿನ ವಿವರ ಹೋಗಿಬಿಡುತ್ತೆ. ಅದಕ್ಕೆ ಅರ್ಧ ಸ್ಟಾಪ್ ಧಾರಾಳವಾಗಿ, 2 ಮತ್ತು 2.8ರ ನಡುವೆ ಇಟ್ಟೆ.

ಒಂದೂವರೆ ಮೀಟರ್ ದೂರದಲ್ಲಿ ಅಷ್ಟು ಅಪರ್ಚರಿಗೆ ಸ್ಪಷ್ಟವಾಗಿ ಬರೋದು ಅರ್ಧ ಗೇಣಿನಷ್ಟು ಆಳ ಮಾತ್ರ. ರೇಂಜ್‌ಫೈಂಡರಿಗೆ ಫೋಕಸ್ ಮಾಡೋಕೆ ಒಂದು ಮಿನುಗೋ ಚುಕ್ಕೆಯೋ ಗೆರೆಯೋ ಬೇಕು. ಅಮ್ಮನ ಮೂಗುಬೊಟ್ಟು ಸಿಕ್ತು. ಕಿಟಕಿಯಲ್ಲಿ ಎರಡು ಮೂಗುಬೊಟ್ಟು ಕಾಣ್ತಿದ್ವು. ಅವಳು ತುರಿಮಣೆ ಮೇಲೆ ಕೂತು ಕಾಯಿ ತುರೀತಾ, ಅಟ್ಟದ ಮೇಲಿನ ಕೊಬ್ಬರಿಯ ರೇಟು, ಪಕ್ಕದ ಮನೆಯವರ ಸೊಸೆಯ ಸೀಮಂತ, ಅದೂ ಇದೂ ಹೇಳ್ತಿದ್ದಳು. ಬೆವರಿಗೆ ಸೆರಗಿನಿಂದ ಮುಖ ಒರೆಸಿಕೊಂಡಳು. ಪೌಡರ್ ಹೋಯ್ತು. ತಲೆ ಎತ್ತಿ, ‘ಕೇಳಿಸ್ಕೊಂತಿದೀಯೇನೇ?’ ಅಂದಳು. ಎರಡು ಮೂಗುಬೊಟ್ಟು ಒಂದಾದವು.

ಬೆಂಗಳೂರಿಗೆ ಬಂದು ಫಿಲ್ಮ್ ಲ್ಯಾಬಿಗೆ ಕೊಟ್ಟೆ. ಎಷ್ಟೇ ಸರಿಯಾಗಿ ಅಳೆದು ತೆಗೆದರೂ ನೆಗೆಟಿವ್‌ನಲ್ಲಿರೋದು ಬರೀ ಮಾಹಿತಿ. ಕೊನೆಗೆ ಮುಖ ಎಷ್ಟು ಬೆಳ್ಳಗೆ, ಎಷ್ಟು ಕಪ್ಪಗೆ ಅನ್ನೋದು ತೀರ್ಮಾನ ಆಗೋದು ಸ್ಕ್ಯಾನ್ ಮಾಡುವಾಗ, ಪ್ರಿಂಟ್ ಹಾಕುವಾಗ. ಪೆನ್ಸಿಲ್ ಹಿಡಿದಿದ್ದ ಕೈ ಈಗ ಅಲ್ಲಿ ಕೂತಿದೆ. ಎರಡನೇ ದಿನ ಫೋನ್ ಬಂತು.

‘ಮೇಡಂ, ಕೆಲವು ಫ್ರೇಮಲ್ಲಿ ಆಂಟಿ ಫೇಸ್ ಸ್ವಲ್ಪ ಡಾರ್ಕ್ ಇದೆ. ಬ್ರೈಟ್ ಮಾಡ್ಲಾ?’

ಹುಡುಗ ಒಳ್ಳೆ ಮನಸ್ಸಿನಿಂದಲೇ ಕೇಳಿದ್ದು. ‘ಬೇಡಪ್ಪ. ಒಂದನೇ ಫ್ರೇಮಲ್ಲಿ ಗ್ರೇ ಕಾರ್ಡ್ ಇದೆಯಲ್ಲ, ಅದನ್ನ ಗ್ರೇ ಬರೋ ಹಾಗೆ ಇಡು. ಅಡುಗೆಮನೆಯವಕ್ಕೆ ಹನ್ನೆರಡನೇ ಫ್ರೇಮಲ್ಲಿ ಇನ್ನೊಂದು ಸಲ ಕಾರ್ಡ್ ಹಿಡಿದಿದೀನಿ, ಅದನ್ನ ನೋಡ್ಕೊ. ಮುಖ ಮುಟ್ಟಬೇಡ, ಆಟೋ ಕರೆಕ್ಷನ್ ಆಫ್ ಮಾಡು’ ಅಂದೆ. ‘ಅಂಗೇ ಬಿಡ್ಲಾ?’ ಅಂತ ಇನ್ನೊಂದು ಸಲ ಕೇಳಿದ. ಅಂಗೇ ಬಿಡು ಅಂದೆ. ಇಷ್ಟು ಹೇಳೋಕೆ ನಮ್ಮ ಮನೆಗೆ ಮೂರು ತಲೆಮಾರು ಬೇಕಾಯ್ತು.

ನಿಮ್ಮಲ್ಲಿ ಎಲ್ಲರೂ ಜೋರ್ಕಿ ಹುಡುಕಿಕೊಂಡು ಹೋಗಿ ಅಂತ ಹೇಳ್ತಿಲ್ಲ. ಮೊಬೈಲಿನಲ್ಲೇ ಇದರ ಬಹುಪಾಲು ಆಗುತ್ತೆ. ಬ್ಯೂಟಿ ಮೋಡ್ ಆಫ್ ಮಾಡಿ. ಒಂದೂವರೆ ಮೀಟರ್ ದೂರ ನಿಂತು, 2ಎಕ್ಸ್ ಇಟ್ಟುಕೊಳ್ಳಿ, ಮೂಗಿಗೆ ನ್ಯಾಯ ಸಿಗುತ್ತೆ. ಬೆನ್ನ ಹಿಂದೆ ಬಿಳಿ ಗೋಡೆಯೋ ಬೆಳಗೋ ಕಿಟಕಿಯೋ ಇದ್ರೆ ಕೂರಿಸಿದವರನ್ನ ತಿರುಗಿಸಿ ಕೂರಿಸಿ. ಮುಖದ ಮೇಲೆ ಬೆರಳು ಒತ್ತಿ ಹಿಡಿದು ಬೆಳಕನ್ನ ಲಾಕ್ ಮಾಡಿ, ನಿಮ್ಮ ಕಣ್ಣಿಗೆ ಆ ಮುಖ ಹೇಗೆ ಕಾಣ್ತಿದೆಯೋ ಅಲ್ಲಿಗೆ ತಂದು ನಿಲ್ಲಿಸಿ. ಮೀಟರ್ ಕೈಯಲ್ಲಿದ್ದೂ ಬಿಳಿ ಗೋಳ ಇಲ್ಲದಿದ್ರೆ ಅವರ ಅಂಗೈಯನ್ನ ಅಳೆದು ಒಂದು ಸ್ಟಾಪ್ ಹೆಚ್ಚು ಕೊಡಿ. ಯಾವ ಬಣ್ಣದವರಾದ್ರೂ ಅಂಗೈಯ ಬಣ್ಣದಲ್ಲಿ ಅಷ್ಟೊಂದು ವ್ಯತ್ಯಾಸ ಇರಲ್ಲ. ಮತ್ತೆ, ಒಂದನ್ನಾದ್ರೂ ಪ್ರಿಂಟ್ ಹಾಕಿಸಿ. ತಿಥಿಯ ಹಿಂದಿನ ರಾತ್ರಿ ಯಾರ ಫೋನಿನಲ್ಲಿ ಏನಿದೆ ಅಂತ ಹುಡುಕೋದು ಯಾರಿಗೂ ಬೇಡ.

ಪ್ರಿಂಟ್ ಎರಡನ್ನ ತಗೊಂಡು ಮೇ ತಿಂಗಳಲ್ಲಿ ಊರಿಗೆ ಹೋದೆ. ಜಗಲಿಯದ್ದು ಒಂದು, ತುರಿಮಣೆಯದ್ದು ಒಂದು. ಅಮ್ಮ ಕೈ ಒರೆಸಿಕೊಂಡು ಬಂದು, ಎರಡನ್ನೂ ಕಿಟಕಿ ಹತ್ತಿರ ಹಿಡಿದು ನೋಡಿದಳು. ತುಂಬಾ ಹೊತ್ತು ನೋಡಿದಳು. ತುರಿಮಣೆಯದ್ದರಲ್ಲಿ ಕೆನ್ನೆಯ ಮೇಲೆ ಕಿಟಕಿಯ ಬೆಳಕು ಎಣ್ಣೆ ಹಚ್ಚಿದ ಹಾಗೆ ಹೊಳೀತಿದೆ, ಕಣ್ಣ ಕೆಳಗಿನ ನೆರಿಗೆ ಎಣಿಸಬಹುದು. ಬಾಯಿ ಅರ್ಧ ತೆರೆದಿದೆ, ನನ್ನನ್ನ ಬೈಯೋಕೆ.

‘ನಮ್ಮಮ್ಮನ ಥರಾನೇ ಕಾಣ್ತೀನಲ್ಲೇ’ ಅಂದಳು.

ಹೂಂ ಅಂದೆ.

‘ಇದನ್ನ ಜೋಪಾನವಾಗಿ ಇಡು. ಆಮೇಲೆ ಹುಡುಕೋ ಹಾಗಾಗಬಾರ್ದು.’ ಅಷ್ಟು ಹೇಳಿ ಬೀರುವಿನಲ್ಲಿ ರೇಷ್ಮೆ ಸೀರೆಗಳ ಕೆಳಗೆ ಅವಳೇ ಇಟ್ಟುಬಿಟ್ಟಳು. ಬೀಗ ಹಾಕಿ, ಇನ್ನೊಂದು ಪ್ರಿಂಟನ್ನ ನನ್ನ ಕೈಗೆ ವಾಪಸ್ ಕೊಟ್ಟಳು.

‘ಪೌಡರ್ ಹಾಕಿರೋದನ್ನ ನಿಮ್ಮ ಚಿಕ್ಕಮ್ಮನಿಗೆ ಕೊಡು. ಅವಳಿಗೆ ಇದೇ ಇಷ್ಟ ಆಗೋದು.’